ರೇಡಿಯೊ ಹೋಯಿತು, ಕೋನ್ ಉಳಿಯಿತು

ನಮ್ಮ ಮನೆಗೆ ರೇಡಿಯೊ ಬಂದದ್ದು 1964ರಲ್ಲಿ, ಆ ವರ್ಷದ ಕೊಬ್ಬರಿ ಮಾರಿದ ದುಡ್ಡಿನಲ್ಲಿ. ತಿಪಟೂರಿನ ಅಂಗಡಿಯಲ್ಲಿ 340 ರೂಪಾಯಿ ಎಣಿಸಿ ಕೊಟ್ಟು, ಮರ್ಫಿ ಸೆಟ್ಟೊಂದನ್ನು ನಮ್ಮ ತಂದೆ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಇಟ್ಟುಕೊಂಡು ತಂದರು. ನಮ್ಮೂರ ಪ್ರೈಮರಿ ಶಾಲೆಯ ಮೇಷ್ಟರ ಸಂಬಳ ಆಗ ನೂರರ ಆಸುಪಾಸಿನಲ್ಲಿತ್ತು ಅಂದರೆ ಆ ದುಡ್ಡಿನ ತೂಕ ನಿಮಗೆ ಗೊತ್ತಾದೀತು. ಸೆಟ್ಟು ತಂದಷ್ಟಕ್ಕೇ ಮುಗಿಯುತ್ತಿರಲಿಲ್ಲ. ವರ್ಷಕ್ಕೆ 15 ರೂಪಾಯಿ ಲೈಸೆನ್ಸ್ ಫೀಸನ್ನು ಪೋಸ್ಟಾಫೀಸಿನಲ್ಲಿ ಕಟ್ಟಿ, ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರಬೇಕಿತ್ತು. ಮಾಳಿಗೆಯ ಮೇಲೆ ಎರಡು ಗಳ ನೆಟ್ಟು ತಾಮ್ರದ ಜಾಲರಿಯ ಏರಿಯಲ್ ಕಟ್ಟಿಸಿದರು. ನಡುಮನೆಯ ಗೋಡೆಗೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಹಲಗೆ ಹೊಡೆಸಿ ಅದನ್ನು ಕೂರಿಸಿದರು. ಅಜ್ಜಿ ಹಳೆ ಸೀರೆಯ ಸೆರಗಿನಲ್ಲಿ ಗವಸು ಹೊಲಿದು ಹಾಕಿದರು.

ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಕಾಯಲು ಅರ್ಧ ನಿಮಿಷ ಬೇಕಿತ್ತು. ಅಷ್ಟರಲ್ಲಿ ಬಿಸಿ ಧೂಳು, ವಾರ್ನಿಷ್ಷು, ಕರಗಿದ ಮೇಣ ಎಲ್ಲ ಸೇರಿದ ಒಂದು ವಾಸನೆ ಮೆಲ್ಲಗೆ ಇಳಿದು ಬರುತ್ತಿತ್ತು. ನಮ್ಮ ಮನೆಯ ಅಟ್ಟದ ತುಂಬ ವರ್ಷವಿಡೀ ಕೊಬ್ಬರಿಗೆ ಬಿಟ್ಟ ಕಾಯಿ. ಆ ಎಣ್ಣೆಯ ವಾಸನೆಗೆ ಇದೂ ಸೇರಿ, ಸಂಜೆ ವಾರ್ತೆಯ ಹೊತ್ತಿಗೆ ನಡುಮನೆಗೆ ಒಂದು ಬೇರೆಯೇ ವಾಸನೆ ಬರುತ್ತಿತ್ತು. ಈಗಲೂ ಹಳೆ ವಾಲ್ವ್ ಸೆಟ್ಟಿನ ಹತ್ತಿರ ಹೋದರೆ ನನ್ನ ಮೂಗಿಗೆ ಮೊದಲು ನೆನಪಾಗುವುದು ಕೊಬ್ಬರಿ.

ರೇಡಿಯೊ ಮುಂಭಾಗದಲ್ಲಿ ಚಿನ್ನದ ಎಳೆ ನೇಯ್ದಂಥ ಒಂದು ಬಟ್ಟೆ ಬಿಗಿದಿದ್ದರು. ಸದ್ದು ಬರುತ್ತಿದ್ದದ್ದು ಅಲ್ಲಿಂದ. ಆ ಬಟ್ಟೆಯ ಹಿಂದೆ ಏನಿದೆ ಅನ್ನುವುದು ನನ್ನನ್ನು ತಿಂಗಳುಗಟ್ಟಲೆ ಕಾಡಿತ್ತು. ದಸರಾಕ್ಕೆ ಮನೆ ಬಳಿಯುವಾಗ ಚಿಕ್ಕಪ್ಪ ರೇಡಿಯೊ ಇಳಿಸಿ, ಹಿಂದಿನ ರಟ್ಟು ಬಿಚ್ಚಿ, ಕೋಳಿಪುಕ್ಕದಲ್ಲಿ ಧೂಳು ಹೊಡೆಯುತ್ತಿದ್ದರು. ನಾನು ಕತ್ತು ತೂರಿಸಿದೆ. ಒಂದು ಅಂಗೈ ಅಗಲದ ಕರಿ ಕಾಗದದ ಆಲಿಕೆ, ಅದರ ಬೆನ್ನಿಗೆ ಒಂದು ಕಬ್ಬಿಣದ ಮುದ್ದೆ. ಅಷ್ಟೇ. ಬೆರಳು ಚಾಚಿದೆ. "ಮುಟ್ಟಬೇಡ ಕಣೋ, ಕಾಗದ ಅದು, ತೂತು ಬಿದ್ರೆ ಗೊರಗೊರ ಅನ್ನುತ್ತೆ" ಅಂದರು ಚಿಕ್ಕಪ್ಪ. ಮುನ್ನೂರ ನಲವತ್ತು ರೂಪಾಯಿಯ ಸಾಮಾನಿನಲ್ಲಿ ನಿಜವಾಗಿ ಮಾತಾಡುವ ಭಾಗ ಕಾಗದದ್ದು ಅನ್ನುವುದು ಆ ವಯಸ್ಸಿನಲ್ಲಿ ನನಗೆ ದೊಡ್ಡ ಅನ್ಯಾಯದ ಹಾಗೆ ಕಂಡಿತ್ತು.

ಅರವತ್ತು ವರ್ಷ ಕಳೆದಿದೆ. ವಾಲ್ವು ಹೋಯಿತು, ಟ್ರಾನ್ಸಿಸ್ಟರ್ ಬಂತು, ಕ್ಯಾಸೆಟ್ ಬಂದು ಹೋಯಿತು, ಸಿಡಿಯೂ ಬಂದು ಹೋಯಿತು, ಈಗ ಹಾಡು ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ಮೊಮ್ಮಕ್ಕಳು ಆಕಾಶ ತೋರಿಸುತ್ತಾರೆ. ಆ ಕಾಗದದ ಕೋನ್ ಮಾತ್ರ ಅಲ್ಲೇ ಇದೆ. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಓದಿ ತಿಳಿದುಕೊಂಡೆ: ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್, ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಅದರ ವಿವರವನ್ನು ಪ್ರಕಟಿಸಿದ್ದು 1925ರಲ್ಲಿ. ಅಯಸ್ಕಾಂತದ ಸಂದಿಯಲ್ಲಿ ತೂಗುವ ಸಣ್ಣ ತಂತಿ ಸುರುಳಿ, ಅದಕ್ಕೆ ಅಂಟಿಸಿದ ಕೋನ್. ಸುರುಳಿಯಲ್ಲಿ ವಿದ್ಯುತ್ತು ಹರಿದ ಹಾಗೆ ಅದು ಹಿಂದೆ ಮುಂದೆ ಅಲ್ಲಾಡುತ್ತದೆ, ಕೋನ್ ಗಾಳಿಯನ್ನು ತಳ್ಳುತ್ತದೆ. ಸುರುಳಿ ಅಲ್ಲಾಡಿಸುವ ಯೋಚನೆಯಂತೂ ಅದಕ್ಕಿಂತ ಹಳೆಯದು. ಆಲಿವರ್ ಲಾಜ್ ಅದಕ್ಕೆ ಪೇಟೆಂಟ್ ಪಡೆದದ್ದು 1898ರಲ್ಲಿ. ನಿಮ್ಮ ಜೇಬಿನ ಮೊಬೈಲಿನಲ್ಲಿ ಇರುವುದೂ ಅದೇ, ಕಾಗದದ ಜಾಗದಲ್ಲಿ ತೆಳು ಪ್ಲಾಸ್ಟಿಕ್ ಬಂದಿದೆ ಅಷ್ಟೇ.

ಕೋನ್ ಇಲ್ಲದ ಸ್ಪೀಕರನ್ನು ನಾನು ರೇಡಿಯೊಕ್ಕೂ ಮೊದಲೇ ನೋಡಿದ್ದೆ. ಅದು ಮದುವೆ ಮನೆಯ ಹಾರನ್. ಮೈಕ್‌ಸೆಟ್ ಸಾಬರು ಹಿಂದಿನ ಸಂಜೆಯೇ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ, ಹೆಗಲಿಗೆ ಎರಡು ಅಲ್ಯೂಮಿನಿಯಂ ಹಾರನ್ ಹಾಕಿಕೊಂಡು ಬರುತ್ತಿದ್ದರು. ದಿನಕ್ಕೆ 20 ರೂಪಾಯಿ ಬಾಡಿಗೆ, ಊಟ ನಮ್ಮದು. ಕರೆಂಟಿಲ್ಲದ ಊರಾದರೆ ಕಾರ್ ಬ್ಯಾಟರಿಗೆ ಐದು ರೂಪಾಯಿ ಬೇರೆ. ಒಂದು ಹಾರನ್ ಮನೆ ಮುಂದಿನ ತೆಂಗಿನ ಮರಕ್ಕೆ, ಇನ್ನೊಂದು ಕೆರೆ ಏರಿ ಕಡೆಗೆ ಮುಖ ಮಾಡಿ. ಮೊದಲು ಗಣಪತಿಯ ಹಾಡು, ಆಮೇಲೆ ಸಿನಿಮಾ ಹಾಡು, ಮುಹೂರ್ತದ ಹೊತ್ತಿಗೆ ಓಲಗದವರ ಮುಂದೆ ಮೈಕು. ಮೂರು ನಿಮಿಷಕ್ಕೊಮ್ಮೆ ಗ್ರಾಮಫೋನ್ ಪ್ಲೇಟು ಬದಲಾಯಿಸಬೇಕು, ಮುಳ್ಳು ಸವೆದರೆ ಅದನ್ನೂ. ಮುಳ್ಳಿನ ತಗಡಿನ ಡಬ್ಬಿಗಳಿಗೆ ನಾವು ಹುಡುಗರು ಕಾದು ಕೂರುತ್ತಿದ್ದೆವು. ಬಳಪ ಹಾಕಿಡಲು ಅದಕ್ಕಿಂತ ಚೆಂದದ ಡಬ್ಬಿ ಆಗ ಸಿಗುತ್ತಿರಲಿಲ್ಲ.

ಆ ಹಾರನ್ನಿನ ಸದ್ದಿಗೆ ಇಂಪು ಅನ್ನುವುದು ಇರಲಿಲ್ಲ, ಅದು ನಿಜ. ಮೃದಂಗದ ತೊಪ್ಪಿ ಕೇಳುತ್ತಲೇ ಇರಲಿಲ್ಲ, ಗಂಡಸರ ದನಿಯೂ ಮೂಗಿನಲ್ಲಿ ಬರುತ್ತಿತ್ತು. ಆದರೆ ಹತ್ತು ಹದಿನೈದು ವ್ಯಾಟಿನ ಆಂಪ್ಲಿಫೈಯರಿನಲ್ಲಿ ಪಕ್ಕದೂರಿಗೂ ಹಾಡು ಮುಟ್ಟುತ್ತಿತ್ತು. ಇದರಲ್ಲಿ ಒಂದು ಲೆಕ್ಕವಿದೆ. ಮಾಮೂಲಿ ಕೋನ್ ಸ್ಪೀಕರಿಗೆ ನೂರು ಪಾಲು ವಿದ್ಯುತ್ತು ಕೊಟ್ಟರೆ ಸದ್ದಾಗಿ ಹೊರಬರುವುದು ಹೆಚ್ಚುಕಡಿಮೆ ಒಂದು ಪಾಲು, ಉಳಿದದ್ದೆಲ್ಲ ಸುರುಳಿಯಲ್ಲಿ ಶಾಖವಾಗಿ ಹೋಗುತ್ತದೆ. ಕಹಳೆಯ ಆಕಾರ ಕೊಟ್ಟರೆ ಆ ಒಂದು ಹತ್ತು ಇಪ್ಪತ್ತೂ ಆಗುತ್ತದೆ. ಕರೆಂಟು ತುಟ್ಟಿಯಾಗಿದ್ದ ಕಾಲಕ್ಕೆ ಹಾರನ್ನೇ ಸರಿ. ರಾಜಕೀಯದವರು, ದೇವಸ್ಥಾನದವರು, ಮಸೀದಿಯವರು, ನಾಟಕದವರು ಎಲ್ಲರೂ ಅದನ್ನೇ ಕಟ್ಟಿದರು. ದೆಹಲಿಯ ಅಹುಜಾ ಕಂಪನಿಯ ಹೆಸರು ನಮ್ಮ ಹಳ್ಳಿಯ ಮುದುಕರಿಗೂ ಬಾಯಿಪಾಠವಾಗಿತ್ತು. ಕೊನೆಗೆ ಸದ್ದು ಸಾಕಾಗಿ 2000ನೇ ಇಸವಿಯಲ್ಲಿ ಶಬ್ದಮಾಲಿನ್ಯದ ನಿಯಮ ಬಂತು, ರಾತ್ರಿ 10ರಿಂದ ಬೆಳಗಿನ 6ರವರೆಗೆ ಮೈಕು ಹಾಕಬಾರದು ಅಂತ. ಅದು ಬೇಕಾಗಿಯೇ ಇತ್ತು. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯ ಎದುರು ರಾತ್ರಿಯಿಡೀ ಹಾರನ್ ಹಾಡಿಸುವುದನ್ನು ನಾನು ಯಾವ ಕಾಲಕ್ಕೂ ಒಪ್ಪಿದವನಲ್ಲ.

ಟೆಂಟ್ ಸಿನಿಮಾದಲ್ಲೂ ಹಾರನ್ನಿಗೆ ಕೆಲಸವಿತ್ತು. ಸಂಜೆ ಘಂಟಸಾಲ ಅವರು ಹಾಡಿದ ತಿರುಪತಿ ತಿಮ್ಮಪ್ಪನ ಹಾಡು ಹೊರಗಿನ ಹಾರನ್ನಿನಲ್ಲಿ ಶುರುವಾಯಿತು ಅಂದರೆ ಟಿಕೆಟ್ ಕೊಡುತ್ತಿದ್ದಾರೆ ಎಂದರ್ಥ. ಹೊಲದಲ್ಲಿದ್ದವರು ಗುದ್ದಲಿ ಹೆಗಲಿಗೇರಿಸುತ್ತಿದ್ದರು. ನೆಲದ ಟಿಕೆಟ್ಟಿಗೆ ನಾಲ್ಕಾಣೆ. ಮರಳು ಗುಡ್ಡೆ ಮಾಡಿಕೊಂಡು ಪರದೆಯ ಬುಡದಲ್ಲೇ ಕೂರುತ್ತಿದ್ದ ನಮಗೆ ಪರದೆ ಹಿಂದಿನ ಸ್ಪೀಕರಿನ ಸದ್ದು ಎದೆಗೇ ಬಡಿಯುತ್ತಿತ್ತು. ಕುರ್ಚಿಯವರಿಗೆ ಆ ಭಾಗ್ಯ ಇರಲಿಲ್ಲ.

ಟ್ರಾನ್ಸಿಸ್ಟರ್ ಬಂದಾಗ ಸದ್ದಿನ ಮಟ್ಟಿಗೆ ನಾವು ಹಿಂದಕ್ಕೇ ಹೋದೆವು. ಚರ್ಮದ ಗವಸಿನ ಆ ಪುಟ್ಟ ಡಬ್ಬಿ ಹೊಲಕ್ಕೆ ಬಂತು, ಬಚ್ಚಲ ಒಲೆಯ ಪಕ್ಕಕ್ಕೆ ಬಂತು, ಕ್ರಿಕೆಟ್ ಕಾಮೆಂಟರಿಗೆ ಕಿವಿಗೇ ಅಂಟಿತು. ಆದರೆ ಮೂರು ಇಂಚಿನ ಸ್ಪೀಕರಿನಲ್ಲಿ ಏನು ಕೇಳೀತು? ಅಜ್ಜಿ ಅದನ್ನು ಹತ್ತಿರ ಸೇರಿಸಲಿಲ್ಲ. "ಸೊಳ್ಳೆ ದನಿ" ಅಂದು ತಮ್ಮ ಗವಸಿನ ರೇಡಿಯೊದ ಕೆಳಗೇ ಮಣೆ ಹಾಕಿಕೊಂಡು ಹರಿಕಥೆ ಕೇಳಿದರು.

ನಾನು 1977ರಲ್ಲಿ ಬೆಂಗಳೂರಿಗೆ ಬಂದು ಚಾಮರಾಜಪೇಟೆಯ ವಠಾರವೊಂದರಲ್ಲಿ ಕೋಣೆ ಹಿಡಿದೆ. ರೇಡಿಯೊ ಸಾಮಾನಿನ ಅಂಗಡಿಗಳ ಎಸ್.ಪಿ. ರಸ್ತೆ ನಡೆದು ಹೋಗುವಷ್ಟು ಹತ್ತಿರ. ಸಂಬಳದ ಮೊದಲ ಭಾನುವಾರ ಅಲ್ಲಿಗೆ ಹೋಗುವುದು ನನಗೂ ಕೋಣೆಯ ಗೆಳೆಯರಿಗೂ ರೂಢಿಯಾಯಿತು. ಆ ಸಂದಿಗಳ ತುಂಬ ಬೆಸುಗೆಯ ರಾಳದ ಹೊಗೆ, ಸುಟ್ಟ ತಂತಿಯ ವಾಸನೆ, ಎಣ್ಣೆಯಲ್ಲಿ ಬೇಯುವ ಬೋಂಡದ ವಾಸನೆ. ಎಂಟು ಇಂಚಿನ ಸ್ಪೀಕರಿಗೆ 45 ರೂಪಾಯಿ ಹೇಳಿ 38ಕ್ಕೆ ಕೊಟ್ಟರು. ಪೆಟ್ಟಿಗೆ ಮಾಡಿಸೋಣವೆಂದರೆ ಬಡಗಿ ಅದಕ್ಕೆ 60 ರೂಪಾಯಿ ಕೇಳಿದ. ಸ್ಪೀಕರಿಗಿಂತ ಪೆಟ್ಟಿಗೆ ತುಟ್ಟಿ!

ಆಗ ಗೆಳೆಯನೊಬ್ಬ ಗುಡಾಣದ ಉಪಾಯ ಹೇಳಿದ. ಕುಂಬಾರರ ಬೀದಿಯಲ್ಲಿ ನಾಲ್ಕು ರೂಪಾಯಿಗೆ ಒಂದು ದೊಡ್ಡ ಗುಡಾಣ ತಂದೆವು. ರಾಗಿ ಹಿಟ್ಟು ತುಂಬಿಡುವಂಥದ್ದು, ಬಾಯಿ ಸರಿಯಾಗಿ ಎಂಟು ಇಂಚು. ಹೊಟ್ಟೆಯೊಳಗೆ ಹಳೆಯ ಕೌದಿಯ ಹತ್ತಿ ತುಂಬಿ, ತಂತಿಗೆ ಸಣ್ಣ ತೂತು ಕೊರೆದು, ಬಾಯಿಗೆ ಸ್ಪೀಕರ್ ಕೂರಿಸಿ ಸುತ್ತ ಮೇಣ ಮೆತ್ತಿದೆವು. ವಿವಿಧ ಭಾರತಿ ಹಾಕಿದಾಗ ತಬಲಾದ ಡಗ್ಗಾ ಕೋಣೆಯ ನೆಲದಲ್ಲೆಲ್ಲ ಉರುಳಿತು. ವಠಾರದ ಅಷ್ಟೂ ಬಾಗಿಲು ತೆರೆದುಕೊಂಡವು. ಆಚೆ ಮನೆಯ ಅಜ್ಜಿಯೊಬ್ಬರು ಬಂದು, "ಗುಡಾಣಕ್ಕೆ ಮಾತು ಬರ್ಸಿದೀರಲ್ಲೋ, ಇನ್ನು ಹಿಟ್ಟು ಎಲ್ಲಿಡ್ತೀರಿ" ಅಂದರು. ಆ ತಿಂಗಳೆಲ್ಲ ನಾವು ಎಂಜಿನಿಯರುಗಳ ಹಾಗೆ ಎದೆಯುಬ್ಬಿಸಿಕೊಂಡು ಓಡಾಡಿದೆವು.

ಯಾಕೆ ಹಾಗಾಯಿತು ಅಂತ ಈಗ ಹೇಳಬಲ್ಲೆ. ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ತಡೆಯಿಲ್ಲದಿದ್ದರೆ ಎರಡೂ ಅಂಚು ಬಳಸಿ ಬಂದು ಒಂದನ್ನೊಂದು ಹೊಡೆದುಹಾಕುತ್ತವೆ, ಮಂದ್ರದ ಸದ್ದು ಅಲ್ಲೇ ಸಾಯುತ್ತದೆ. ಹಿಂದಿನ ಗಾಳಿಯನ್ನು ಮುಚ್ಚಿಟ್ಟರೆ ಮುಂದಿನದು ನಮಗೆ ಸಿಗುತ್ತದೆ. ದಪ್ಪ ಮಣ್ಣಿನ ಗುಂಡನೆಯ ಗೋಡೆ ಪ್ಲೈವುಡ್ಡಿನ ಹಾಗೆ ತಾನೂ ನಡುಗುವುದಿಲ್ಲ. ಅಮೆರಿಕದ ಎಡ್ಗರ್ ವಿಲ್ಚುರ್ 1954ರಲ್ಲಿ ಇದೇ ಮುಚ್ಚಿದ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡು, ಬೀರುವಿನಷ್ಟಿದ್ದ ಸ್ಪೀಕರನ್ನು ಪುಸ್ತಕದ ಕಪಾಟಿಗೆ ಇಳಿಸಿದ್ದರು. ನಮ್ಮ ಕುಂಬಾರರ ಬೀದಿಗೆ ಆ ಸುದ್ದಿ ಬಂದಿರಲಿಲ್ಲ.

ಪೆಟ್ಟಿಗೆಯ ಲೆಕ್ಕದ ಕತೆ ಇನ್ನೂ ನಿಧಾನದ್ದು. ಯಾವ ಸ್ಪೀಕರಿಗೆ ಎಷ್ಟು ದೊಡ್ಡ ಪೆಟ್ಟಿಗೆ, ಗಾಳಿಯಾಡಲು ತೂತಿಟ್ಟರೆ ಅದು ಎಷ್ಟಗಲ, ಎಷ್ಟುದ್ದ ಅನ್ನುವುದನ್ನು ಅಲ್ಲಿಯವರೆಗೆ ಕಿವಿಯ ಅಂದಾಜಿನಲ್ಲೇ ಮಾಡುತ್ತಿದ್ದರು. ಆಸ್ಟ್ರೇಲಿಯಾದ ನೆವಿಲ್ ತೀಲ್ 1961ರಲ್ಲಿ ಅದಕ್ಕೆ ಗಣಿತ ಬರೆದರು. ಬರಹ ತಮ್ಮ ದೇಶದ ಪತ್ರಿಕೆಯಲ್ಲಿ ಅಚ್ಚಾದ್ದರಿಂದ ಹೊರಗಿನವರು ಹೆಚ್ಚಾಗಿ ನೋಡಲಿಲ್ಲ. 1971ರಲ್ಲಿ ಅಮೆರಿಕದಲ್ಲಿ ಮರುಮುದ್ರಣವಾದ ಮೇಲೆ ಲೋಕದ ಕಣ್ಣಿಗೆ ಬಿತ್ತು. ಅದೇ ಹೊತ್ತಿಗೆ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಇವತ್ತು ಸ್ಪೀಕರಿನ ಜೊತೆ ಬರುವ ಅಂಕಿಗಳ ಪಟ್ಟಿಗೆ ಇವರಿಬ್ಬರದೇ ಹೆಸರು. ಒಂದು ಒಳ್ಳೆಯ ಲೆಕ್ಕ ಹತ್ತು ವರ್ಷ ಕಾದು ಕೂತಿತ್ತು ಅನ್ನುವುದು ನನಗೆ ಈಗಲೂ ಸಂಕಟದ ವಿಷಯ. ಆ ಹತ್ತು ವರ್ಷ ಎಷ್ಟು ಜನ ಬಡಗಿಗಳು ಎಷ್ಟು ಪೆಟ್ಟಿಗೆ ಕೆಡಿಸಿರಬಹುದು!

ಎಪ್ಪತ್ತರ ದಶಕದ ಕೊನೆಗೆ ದುಬೈ, ಮಸ್ಕತ್ತಿನಿಂದ ಮಂಗಳೂರು, ಉಡುಪಿ ಕಡೆಯವರು ರೇಡಿಯೊ, ಕ್ಯಾಸೆಟ್ ಎರಡೂ ಇರುವ ಟೂ ಇನ್ ಒನ್ ಹೊತ್ತು ತಂದರು. ನಮ್ಮ ವಠಾರದಲ್ಲೂ ಕುಂದಾಪುರದವರ ಮನೆಯಲ್ಲಿ ಪ್ಯಾನಾಸೋನಿಕ್ ಒಂದಿತ್ತು. ಎರಡು ಸ್ಪೀಕರ್, ಎಡಕ್ಕೊಂದು ಬಲಕ್ಕೊಂದು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ನಿತ್ಯೋತ್ಸವ ಕ್ಯಾಸೆಟ್ ಬಂದಾಗ ಅವರ ಮನೆಯ ಜಗಲಿಯ ಮೇಲೆ ಜಾಗ ಸಿಗುತ್ತಿರಲಿಲ್ಲ. ಹಾಡಿನ ಜೊತೆಗೇ "ಇಸ್ಸ್" ಅನ್ನುವ ಟೇಪಿನ ಉಸಿರೂ ಕೇಳುತ್ತಿತ್ತು, ಯಾರಿಗೂ ಅದು ತೊಂದರೆ ಅನ್ನಿಸಲಿಲ್ಲ. ನಮ್ಮ ಗುಡಾಣಕ್ಕೂ ಒಂದು ತಂತಿ ಎಳೆದು ಕೇಳಿದೆವು, ಪದ್ಯದ ಒಂದೊಂದು ಅಕ್ಷರವೂ ತುಂಬಿಕೊಂಡು ಬಂತು.

ಗುಡಾಣದ ಆ ಸ್ಪೀಕರಿನ ಕಾಯಿಲ್ ಒಮ್ಮೆ ಸುಟ್ಟಿತು. ವಠಾರದ ಗಣೇಶೋತ್ಸವದಲ್ಲಿ ದೊಡ್ಡ ಆಂಪ್ಲಿಫೈಯರಿಗೆ ಸಿಕ್ಕಿಸಿದ್ದರು, ಎನಾಮಲ್ ಸುಟ್ಟ ವಾಸನೆ ಬಂದು ದನಿ ನಿಂತಿತು. ಎಸ್.ಪಿ. ರಸ್ತೆಯ ಸಂದಿಯಲ್ಲಿ ಕೋನ್ ಹಾಕುವ ಭಾಯಿಯೊಬ್ಬರ ಹತ್ತಿರ ಒಯ್ದೆ. 12 ರೂಪಾಯಿ ಅಂದರು, "ಕೂತ್ಕೊಳ್ಳಿ ಸಾರ್, ಕಣ್ಮುಂದೇನೇ ಮಾಡಿಕೊಡ್ತೀನಿ" ಅಂತ ಸ್ಟೂಲು ಎಳೆದರು. ಹಳೆಯ ಕೋನನ್ನು ಬ್ಲೇಡಿನಲ್ಲಿ ಸುತ್ತ ಕೊಯ್ದು ತೆಗೆದು, ಚೌಕಟ್ಟನ್ನು ಥಿನ್ನರಿನಲ್ಲಿ ಒರೆಸಿದರು. ಅಯಸ್ಕಾಂತದ ಸಂದಿ ಒಂದು ಮಿಲಿಮೀಟರಿನಷ್ಟೂ ಅಗಲವಿಲ್ಲ, ಅದರಲ್ಲೊಂದು ಕಬ್ಬಿಣದ ಚೂರು ಸಿಕ್ಕಿದ್ದರೂ ಕೆಲಸ ಕೆಡುತ್ತದೆ. ಅಂಟುಟೇಪಿನ ತುದಿ ಇಳಿಸಿ ಇಳಿಸಿ ಚೊಕ್ಕಟ ಮಾಡಿದರು. ಹೊಸ ಸುರುಳಿಯನ್ನು ಇಳಿಸಿ, ಅದು ಸಂದಿಯ ಸರಿನಡುವೆ ನಿಲ್ಲಲು ಹಳೆಯ ಎಕ್ಸ್‌ರೇ ಫಿಲ್ಮಿನ ಸಣ್ಣ ಪಟ್ಟಿಗಳನ್ನು ಸುತ್ತಲೂ ಸಿಕ್ಕಿಸಿದರು. ಅದು ಯಾರ ಮೂಳೆಯ ಚಿತ್ರವೋ! ಆಮೇಲೆ ಮಡಿಕೆ ಮಡಿಕೆಯ ಬಟ್ಟೆಯ ಸ್ಪೈಡರ್, ಅದರ ಮೇಲೆ ಕಾಗದದ ಕೋನ್, ಸುತ್ತ ಗೋಂದು. ಒಣಗಿದ ಮೇಲೆ ಪಟ್ಟಿಗಳನ್ನು ಒಂದೊಂದೇ ಎಳೆದು, ಎರಡು ಹೆಬ್ಬೆರಳಿನಲ್ಲಿ ಕೋನನ್ನು ಮೆಲ್ಲಗೆ ಒತ್ತಿ ಕಿವಿ ಹತ್ತಿರ ಹಿಡಿದರು. ಎಲ್ಲೂ ಉಜ್ಜುವ ಸದ್ದಿಲ್ಲ. ತಂತಿ ಬೆಸೆದು, ನಡುವೆ ಗುಂಡನೆ ಟೋಪಿ ಅಂಟಿಸಿ ಕೈಗಿತ್ತರು. ಇಷ್ಟು ನಾಜೂಕಿನ ಕೆಲಸಕ್ಕೆ 12 ರೂಪಾಯಿ ಸಾಲದು ಅನ್ನಿಸಿ ಮೂರು ಹೆಚ್ಚಿಗೆ ಕೊಟ್ಟೆ, ಅವರು ಎರಡು ಟೀ ತರಿಸಿದರು.

ಕೋನ್ ಹಾಗೇ ಉಳಿಯಿತು ಅಂದೆ. ಹಾಗಾದರೆ ಬದಲಾದದ್ದು ಏನು? ಮುಖ್ಯವಾಗಿ ಅಯಸ್ಕಾಂತ. ಮೊದಮೊದಲ ಸ್ಪೀಕರುಗಳಲ್ಲಿ ಕಾಯಂ ಅಯಸ್ಕಾಂತವೇ ಇರಲಿಲ್ಲ, ಅದಕ್ಕೂ ಕರೆಂಟು ಕೊಟ್ಟು ಕಾಂತ ಮಾಡಿಕೊಳ್ಳಬೇಕಿತ್ತು. ಆಮೇಲೆ ಆಲ್ನಿಕೊ ಎಂಬ ಮಿಶ್ರಲೋಹದ ಕಾಂತ ಬಂತು. ಅದರಲ್ಲಿ ಕೋಬಾಲ್ಟ್ ಬೇಕು, ಕೋಬಾಲ್ಟ್ ಬರುತ್ತಿದ್ದದ್ದು ಹೆಚ್ಚಾಗಿ ಆಫ್ರಿಕಾದ ಆಗಿನ ಜೈರ್ ದೇಶದಿಂದ. 1978ರಲ್ಲಿ ಅಲ್ಲಿ ಕಾಳಗ ನಡೆದು ಬೆಲೆ ಗಗನಕ್ಕೇರಿತು. ಅಗ್ಗದ ಫೆರೈಟ್ ಕಾಂತಕ್ಕೆ ಆಗಲೇ ಹೊರಳಿದ್ದವರ ಜೊತೆ ಉಳಿದವರೂ ಹೊರಳಿದರು. ಸ್ಪೀಕರಿನ ಬೆನ್ನಿಗೆ ದಪ್ಪ ಕರಿ ಬಿಲ್ಲೆ ಬಂದದ್ದು ಹಾಗೆ. ಎಂಬತ್ತರ ದಶಕದ ಮೊದಲಿಗೆ ನಿಯೋಡೈಮಿಯಂ ಕಾಂತವನ್ನು ಜಪಾನಿನಲ್ಲೂ ಅಮೆರಿಕದಲ್ಲೂ ಬೇರೆ ಬೇರೆಯಾಗಿ ಕಂಡುಕೊಂಡರು. ಗುಂಡಿಯಷ್ಟು ತುಣುಕಿನಲ್ಲಿ ಆ ಬಲ ಬಂದದ್ದರಿಂದಲೇ ಮೊಬೈಲಿನ ಸ್ಪೀಕರು, ಕಿವಿಯ ಇಯರ್‌ಫೋನು ಇಷ್ಟು ಚಿಕ್ಕದಾದವು.

ಎಲ್ಲ ಬದಲಾವಣೆಯೂ ಒಳ್ಳೆಯದೇ ಆಗಲಿಲ್ಲ. ತೊಂಬತ್ತರಲ್ಲಿ ಆಸೆಪಟ್ಟು ಕೊಂಡ ಬಾಕ್ಸ್‌ಗಳ ಕೋನಿಗೆ ಮೆತ್ತನೆಯ ಫೋಮಿನ ಅಂಚಿತ್ತು. ಹದಿನೈದು ವರ್ಷಕ್ಕೆ ಅದು ಮುಟ್ಟಿದರೆ ಪುಡಿಯಾಗುವಂತಾಯಿತು. 1964ರ ಮರ್ಫಿಯ ಕಾಗದದ ಅಂಚು ಮಾತ್ರ ಇನ್ನೂ ಗಟ್ಟಿಯಾಗಿದೆ.

ಇನ್ನು ಸಭೆಗಳ ಮಾತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳಿಗೆ ನಾನು ಹೋಗಲು ಶುರುಮಾಡಿದ ಕಾಲದಲ್ಲಿ ಅಂಥ ಚಪ್ಪರಗಳಲ್ಲಿ ಕಂಬಕ್ಕೊಂದರಂತೆ ಉದ್ದನೆಯ ಕಾಲಂ ಸ್ಪೀಕರ್ ಕಟ್ಟುತ್ತಿದ್ದರು. ಒಂದರ ಮೇಲೊಂದು ನಾಲ್ಕಾರು ಕೋನ್. ಹೀಗೆ ಸಾಲಾಗಿ ನಿಲ್ಲಿಸಿದರೆ ಸದ್ದು ಮೇಲಕ್ಕೂ ಕೆಳಕ್ಕೂ ಚೆಲ್ಲದೆ ಜನರ ಕಡೆಗೇ ಹೋಗುತ್ತದೆ. ಈಗ ದೊಡ್ಡ ಕಾರ್ಯಕ್ರಮಗಳಲ್ಲಿ ವೇದಿಕೆಯ ಎರಡೂ ಬದಿ ಬಾಳೆಗೊನೆಯ ಹಾಗೆ ತೂಗುಹಾಕುವ ಲೈನ್ ಅರೇ ನೋಡಿದ್ದೀರಲ್ಲ, ಅದರ ಬುಡದಲ್ಲಿರುವುದೂ ಇದೇ ತತ್ವ. ಫ್ರಾನ್ಸಿನವರು ತೊಂಬತ್ತರ ದಶಕದ ಮೊದಲಿಗೆ ಅದನ್ನು ಪಳಗಿಸಿದರು. ಹಿಂದಿನ ಸಾಲಿನವನಿಗೂ ಈಗ ಗಾಯಕರ ಉಸಿರು ಕೇಳುತ್ತದೆ. ಇದು ನನ್ನ ಕಾಲಕ್ಕಿಂತ ಖಂಡಿತ ಚೆನ್ನಾಗಿದೆ.

ಮೊಮ್ಮಗಳು ಸಂಗೀತಾಭ್ಯಾಸಕ್ಕೆ ಮೊಬೈಲಿನಲ್ಲಿ ತಂಬೂರಿ ಹಾಕಿಕೊಳ್ಳುತ್ತಾಳೆ. ಗಂಡಸರ ಶ್ರುತಿಯಲ್ಲಿ ಮಂದ್ರ ಷಡ್ಜ ಸುಮಾರು 70 ಹರ್ಟ್ಸ್. ಅಷ್ಟು ತಗ್ಗಿನ ಸದ್ದನ್ನು ಆ ಪುಟ್ಟ ಸ್ಪೀಕರ್ ಹೊರಡಿಸಲಾರದು. ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಜೋರಿಗೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು, ಆ ಗುಂಡಿಯಷ್ಟು ಹಾಳೆಗೆ ಅದು ಎಲ್ಲಿ ಸಾಧ್ಯ? ಆದರೂ ನಮಗೆ ಷಡ್ಜ ಕೇಳಿಸುತ್ತದೆ. ಮೇಲಿನ ಸ್ವರಾಂಶಗಳಿಂದ ಇಲ್ಲದ ಮೂಲಸ್ವರವನ್ನು ನಮ್ಮ ತಲೆಯೇ ಕಟ್ಟಿಕೊಳ್ಳುತ್ತದೆ. 1500 ರೂಪಾಯಿಯ ಬ್ಲೂಟೂತ್ ಡಬ್ಬಿಗಳೂ ಒಳಗಿನ ಚಿಪ್ಪಿನ ಲೆಕ್ಕಾಚಾರದಲ್ಲಿ ಇಂಥ ಉಪಾಯಗಳನ್ನು ಮಾಡುತ್ತವೆ. ಜಾಣತನವೇ ಸರಿ. ಆದರೆ ಶ್ರುತಿಯಲ್ಲಿ ಕೂರಬೇಕಾದ ಮಗುವಿಗೆ ನಿಜವಾದ ಮಂದ್ರ ಮೈಗೆ ತಾಗಬೇಕು ಅನ್ನುವುದು ನನ್ನ ಹಟ. ಅದಕ್ಕೇ ಅವಳ ಮೊಬೈಲಿಗೊಂದು ತಂತಿ ಹಾಕಿ ಎಂಟು ಇಂಚಿನ ಪೆಟ್ಟಿಗೆಗೆ ಜೋಡಿಸಿಕೊಟ್ಟಿದ್ದೇನೆ.

ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ಸ್ಪೀಕರ್ ಇದ್ದರೆ ಗುಜರಿಗೆ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ ತೆಗೆದುಕೊಂಡು ಅದರ ಎರಡು ತಂತಿಗೆ ಒಂದು ಕ್ಷಣ ತಾಗಿಸಿ. ಟಕ್ ಎಂದು ಕೋನ್ ಅಲುಗಿದರೆ ಕಾಯಿಲ್ ಸುಟ್ಟಿಲ್ಲ. ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡಿ. ಕರಕರ ಅನ್ನದಿದ್ದರೆ ಒಳಗೆ ಹೆಚ್ಚುಕಡಿಮೆ ಸರಿಯಿದೆ, ಕೆಟ್ಟಿದ್ದರೆ ಅಂಚು ಕೆಟ್ಟಿರಬಹುದು. ಎಸ್.ಪಿ. ರಸ್ತೆಯ ಸಂದಿಗಳಲ್ಲಿ ಅಂಚು ಬದಲಾಯಿಸಿ ಕೊಡುವವರು, ಕೋನ್ ಹಾಕುವವರು ಇನ್ನೂ ಇದ್ದಾರೆ. ಒಯ್ದು ಮಾಡಿಸಿಕೊಳ್ಳಿ.